ನೂರಕ್ಕೆ ಆರು ರೂಪಾಯಿಯ ಸರಸ್ವತಿ

ಬೆಂಗಳೂರಿನಲ್ಲಿ ಸ್ವಂತ ಸೂರು ಇರುವವರೆಲ್ಲ ಗ್ರಂಥಾಲಯದ ಮಹಾಪೋಷಕರು. ನಂಬಿಕೆ ಬಾರದಿದ್ದರೆ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಉಪಕರ ಎಂಬ ಒಂದು ಬಾಬ್ತು ಇರುತ್ತದೆ. ಅದನ್ನು ಬಿಡಿಸಿದರೆ ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಆಸ್ಪತ್ರೆಗೂ ಭಿಕ್ಷಾಟನೆಗೂ ನಡುವೆ ಪುಸ್ತಕವನ್ನು ಕೂರಿಸಿದ ಆ ಗುಮಾಸ್ತ ಯಾರೋ, ಕನ್ನಡದ ಲೇಖಕರನ್ನು ಹತ್ತಿರದಿಂದ ಬಲ್ಲವನೇ ಇರಬೇಕು. ಬರೆದು ಬರೆದು ಆರೋಗ್ಯ ಕೆಟ್ಟರೆ ಮೇಲಿನ ಬಾಬ್ತು, ಬರೆದದ್ದು ಮಾರಾಟವಾಗದಿದ್ದರೆ ಕೆಳಗಿನ ಬಾಬ್ತು.

ಎಸ್ಸೆಸ್ಸೆಲ್ಸಿ ಕನ್ನಡ ಪಠ್ಯವನ್ನು ಪರೀಕ್ಷೆಯ ಮರುದಿನವೇ ರದ್ದಿಗೆ ಹಾಕಿ, ಆಮೇಲೆ ಅಕ್ಷರದ ಸಹವಾಸಕ್ಕೇ ಹೋಗದ ಮಹನೀಯರೂ ವರ್ಷವರ್ಷ ತಪ್ಪದೆ ಸರಸ್ವತಿಗೆ ಈ ಕಾಣಿಕೆ ಸಲ್ಲಿಸುತ್ತಾರೆ. ಸಲ್ಲಿಸಿದ್ದು ಅವರಿಗೇ ಗೊತ್ತಿರುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ಇದು ಆ ದರ್ಜೆಯ ದಾನ. ಬಾಡಿಗೆ ಮನೆಯಲ್ಲಿದ್ದುಕೊಂಡು ಪುಸ್ತಕ ಓದುವವನ ಪಾಲನ್ನೂ ಮಾಲೀಕ ಬಾಡಿಗೆಯಲ್ಲೇ ವಸೂಲು ಮಾಡಿರುತ್ತಾನೆ, ಆದ್ದರಿಂದ ಯಾರೂ ಋಣಿಗಳಲ್ಲ.

ಈ ಆರು ರೂಪಾಯಿಯ ಜಾಡು ಹಿಡಿದು ಹೊರಟರೆ ಮೊದಲು ಸಿಗುವುದು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಂದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಯುರೋಪಿನಲ್ಲಿ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ ಮೈಸೂರು ಸಂಸ್ಥಾನದವರು ಬೇರೆ ಕೆಲಸವಿಲ್ಲದವರಂತೆ ಇಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ಅದೇ ವರ್ಷ ಇದೇ ಊರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಹುಟ್ಟಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಜನಕ್ಕೆ ಓದು ಬಂದರೆ ಕೈಗಾರಿಕೆ ಬೆಳೆಯುತ್ತದೆ, ಕೈಗಾರಿಕೆ ಬೆಳೆದರೆ ಬಡತನ ತೊಲಗುತ್ತದೆ ಎಂಬ ಸರಳ ಲೆಕ್ಕ ಆ ಎಂಜಿನಿಯರರದು. ಓದಿನ ಗೊಡವೆಯೇ ಇಲ್ಲದೆ ಬಡತನ ತೊಲಗಿಸಿಕೊಳ್ಳಬಹುದು, ಒಂದು ಲೇಔಟ್ ಮಾಡಿದರೆ ಸಾಕು ಎಂಬುದು ಪಾಪ ಅವರಿಗೆ ಹೊಳೆದಿರಲಿಲ್ಲ.

ಭವನಕ್ಕೆ ಹೆಸರು ಕೊಟ್ಟ ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ದಿವಾನರಾಗಿದ್ದವರು. ಬೆಂಗಳೂರಿಗೆ ಹೆಸರಘಟ್ಟದಿಂದ ನಲ್ಲಿ ನೀರು ತರಿಸಿದರು. ಶಿವನಸಮುದ್ರದ ವಿದ್ಯುತ್ತಿಗೆ ದಾರಿ ಮಾಡಿದರು. ಆ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಮುಟ್ಟುವ ಹೊತ್ತಿಗೆ ಅವರು ಕಾಲವಾಗಿದ್ದರು. ನಮ್ಮ ನೀರಿನ ಬಿಲ್ಲಿಗೂ ಕರೆಂಟಿನ ಬಿಲ್ಲಿಗೂ ಅವರೇ ಮೂಲಪುರುಷರು ಎನ್ನಬಹುದು. ಕಟ್ಟಡದ ಮುಂದೆ ಅವರ ಪ್ರತಿಮೆ ನಿಂತಿದೆ. ಭಾನುವಾರ ಹೋದರೆ ಅದರ ಸುತ್ತ ಜನವೋ ಜನ. ಕಂಬಗಳ ಮುಂದೆ ಒಂದು, ಮೆಟ್ಟಿಲ ಮೇಲೆ ಒಂದು, ಕೆಂಪು ಗೋಡೆಗೆ ಒರಗಿ ಒಂದು ಎಂದು ಫೋಟೊ ತೆಗೆಸಿಕೊಳ್ಳುವವರ ಸಾಲು. ಆ ಕೆಂಪು ಬಣ್ಣಕ್ಕೆ ಯಾವ ಸೀರೆಯೂ ಒಪ್ಪುತ್ತದೆ. ಬಾಗಿಲು ದಾಟಿ ಒಳಗೆ ಏನಿದೆ ಎಂದು ಇಣುಕುವವರು ಕಡಿಮೆ. ಒಳಗೆ ಬೆಳಕು ಸಾಲದು, ಫೋಟೊ ಚೆನ್ನಾಗಿ ಬರುವುದಿಲ್ಲ.

ಹಾಗೆಂದು ಆ ಪಾರ್ಕಿನಲ್ಲಿ ಓದುವವರೇ ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಕೆಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ಹುಡುಗ ಹುಡುಗಿಯರು ಮನೆಯಿಂದ ಪುಸ್ತಕ, ಚಾಪೆ, ಫ್ಲಾಸ್ಕು ತಂದು ಮರದಡಿ ಮೌನವಾಗಿ ಓದುತ್ತಾರೆ. ‘ಕಬ್ಬನ್ ರೀಡ್ಸ್’ ಎಂದು ಅದಕ್ಕೆ ಹೆಸರು. ಬೇರೆ ಊರುಗಳಿಗೂ ಹೊರದೇಶಗಳಿಗೂ ಈ ಖಯಾಲಿ ಹಬ್ಬಿದೆ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದಿದೆ. ಕೂಗಳತೆಯಲ್ಲಿ ನೂರು ವರ್ಷ ದಾಟಿದ ಗ್ರಂಥಾಲಯ ಇಟ್ಟುಕೊಂಡು ಹುಲ್ಲಿನ ಮೇಲೆ ಯಾಕಯ್ಯಾ ಓದುತ್ತೀರಿ ಎಂದು ಕೇಳಿದರೆ ತಪ್ಪಾದೀತು. ಹುಲ್ಲಿನ ಮೇಲೆ ಮಲಗಿ ಓದಬಹುದು, ನಾಯಿಯನ್ನು ಕರೆತರಬಹುದು, ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕಿಲ್ಲ. ಓದುಗನನ್ನು ಅನುಮಾನದಿಂದ ನೋಡದ ಓದುಮನೆ ಊರಿನಲ್ಲಿ ಸದ್ಯಕ್ಕೆ ಆ ಹುಲ್ಲುಹಾಸು ಒಂದೇ.

ಗ್ರಂಥಾಲಯ ಸರ್ಕಾರಕ್ಕೆ ಕಾನೂನಾಗಿ ಬಂದದ್ದು 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ರೂಪದಲ್ಲಿ. ಮರುವರ್ಷ ಅದಕ್ಕೊಂದು ಇಲಾಖೆಯೂ ಆಯಿತು. ಊರೂರಿಗೆ ಓದುಮನೆ, ಅದರ ಖರ್ಚಿಗೆ ಉಪಕರ ಎಂಬುದು ಬಹಳ ದೊಡ್ಡ ಯೋಚನೆ. ಸ್ವತಂತ್ರ ಭಾರತದಲ್ಲಿ ಇಂಥ ಕಾಯ್ದೆ ಮೊದಲು ಬಂದದ್ದು 1948ರಲ್ಲಿ, ಮದರಾಸಿನಲ್ಲಿ. ಅದರ ಹಿಂದಿದ್ದವರು ಎಸ್. ಆರ್. ರಂಗನಾಥನ್. ಲೆಕ್ಕದ ಮೇಷ್ಟರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಬೇಸರ ತಡೆಯಲಾರದೆ ‘ನನ್ನನ್ನು ಪಾಠಕ್ಕೇ ಕಳಿಸಿ’ ಎಂದು ಗೋಗರೆದರಂತೆ. ಆಮೇಲೆ ಅದೇ ಮನುಷ್ಯ ಗ್ರಂಥಾಲಯಕ್ಕೆ ಐದು ಸೂತ್ರ ಬರೆದು, ಜಗತ್ತಿನ ಗ್ರಂಥಪಾಲಕರೆಲ್ಲ ಓದುವಂತೆ ಮಾಡಿದರು. ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲೊಂದು ಸಂಶೋಧನ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ ಹೊರತು ಬೀರು ತುಂಬುವುದಕ್ಕಲ್ಲ ಎನ್ನುವುದು ಅವರ ಮೊದಲ ಸೂತ್ರದ ತಾತ್ಪರ್ಯ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದರು. ನಾವು ಅಷ್ಟು ಅನಾಗರಿಕರಲ್ಲ. ನಮ್ಮಲ್ಲಿ ದಾರ ಕಟ್ಟಿರುವುದು ರಿಜಿಸ್ಟರಿನ ಪೆನ್ನಿಗೆ ಮಾತ್ರ.

ಇನ್ನು ಆರು ರೂಪಾಯಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ. ವಸೂಲು ಮಾಡುವುದು ಪಾಲಿಕೆ, ಪುರಸಭೆ, ಪಂಚಾಯಿತಿಗಳ ಕೆಲಸ. ವಸೂಲಾದದ್ದನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ವಸೂಲಿ ಚಾಚೂ ತಪ್ಪದೆ ನಡೆಯುತ್ತದೆ. ಕೊಡುವ ವಿಷಯ ಬಂದಾಗ ಮಾತ್ರ ರಸ್ತೆಗುಂಡಿ, ಕಸದ ಲಾರಿ, ಬೀದಿದೀಪ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಬೆಂಗಳೂರಿನ ಪಾಲಿಕೆಯೊಂದೇ ಹೀಗೆ ಉಳಿಸಿಕೊಂಡ ಬಾಕಿ ನೂರಾರು ಕೋಟಿ ಎಂಬುದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ, ಆ ಪತ್ರಿಕೆಯನ್ನು ನಾವು ಗ್ರಂಥಾಲಯದಲ್ಲೇ ಕೂತು ಓದುತ್ತೇವೆ. 2025ರಲ್ಲಿ ಸರ್ಕಾರ ಪಾಲಿಕೆಯನ್ನು ಒಡೆದು ಐದು ಮಾಡಿತು. ಒಬ್ಬ ಸಾಲಗಾರನ ಮನೆಗೆ ಅಲೆಯುತ್ತಿದ್ದ ಗ್ರಂಥಾಲಯದವರು ಇನ್ನು ಐದು ಮನೆಗೆ ಅಲೆಯಬಹುದು. ಆಡಳಿತ ಜನರ ಮನೆಬಾಗಿಲಿಗೆ ಬರುವುದೆಂದರೆ ಇದೇ ಇರಬೇಕು.

ಇಲ್ಲಿ ಒಂದು ಹಳೆಯ ಸಂಗತಿ ಹೇಳದಿದ್ದರೆ ಮನಸ್ಸು ತಡೆಯದು. 1905ರ ಸುಮಾರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟನ್ನು ತಂದುಕೊಟ್ಟರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಲೋಕ ಕಳೆದುಹೋಯಿತೆಂದುಕೊಂಡಿದ್ದ ಗ್ರಂಥ. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೂ ಅದೇ ವಯಸ್ಸು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಅಧಿಕಾರಿಗಳು ಖಜಾನೆಯ ಹಣ ನುಂಗುವ ನಲವತ್ತು ದಾರಿಗಳ ಪಟ್ಟಿಯಿದೆ. ಮೊದಲೇ ವಸೂಲಾದದ್ದನ್ನು ತಡವಾಗಿ ಜಮಾ ತೋರಿಸುವುದು ಅದರಲ್ಲೊಂದು. ವಸೂಲಾದದ್ದನ್ನು ಆಗಿಲ್ಲವೆಂದು ಬರೆಯುವುದು ಇನ್ನೊಂದು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಜ್ಞಾನವನ್ನು ನಮ್ಮದೇ ಗ್ರಂಥಾಲಯವೊಂದು ಹುಡುಕಿ, ತಿದ್ದಿ, ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟಿತು. ಗ್ರಂಥಾಲಯದಿಂದ ಆಡಳಿತಕ್ಕೆ ಏನು ಪ್ರಯೋಜನ ಎಂದು ಇನ್ನು ಯಾರೂ ಕೇಳಬಾರದು. ಓದಿದ್ದನ್ನು ಆಚರಣೆಗೆ ತಂದ ಇಷ್ಟು ಶ್ರದ್ಧೆಯ ಓದುಗರು ಬೇರೆ ಯಾವ ಗ್ರಂಥಕ್ಕೂ ಸಿಕ್ಕಿಲ್ಲ.

ಸೋರಿ ಉಳಿದ ಹಣದಲ್ಲಿ ಪುಸ್ತಕ ಕೊಳ್ಳುತ್ತಾರೆ. ಅದಕ್ಕೆ ಸಗಟು ಖರೀದಿ ಎಂದು ಹೆಸರು. ಪುಸ್ತಕ ಆಯ್ಕೆ ಸಮಿತಿಯಲ್ಲಿ ಪಾಸಾದರೆ ಒಂದು ಶೀರ್ಷಿಕೆಗೆ 300 ಪ್ರತಿ. ಕನ್ನಡ ಪ್ರಕಾಶಕನ ಪಂಚಾಂಗದಲ್ಲಿ ಯುಗಾದಿ, ದೀಪಾವಳಿಗಿಂತ ಇದೇ ದೊಡ್ಡ ಹಬ್ಬ. ಆದರೆ ಹಬ್ಬ ಯಾವ ವರ್ಷ ಬರುತ್ತದೆಂದು ಯಾವ ಜೋಯಿಸರೂ ಹೇಳಲಾರರು. ಮೂರು ನಾಲ್ಕು ವರ್ಷ ಹಿಂದಿನ ಪುಸ್ತಕಗಳ ಆಯ್ಕೆ ಪಟ್ಟಿ ಈಗ ಬರುತ್ತದೆ. ಬಿಲ್ಲು ಪಾಸಾಗುವ ಹೊತ್ತಿಗೆ ‘ಉದಯೋನ್ಮುಖ ಕವಿ’ ಎಂದು ಬೆನ್ನುಡಿ ಬರೆಸಿಕೊಂಡವನು ‘ಹಿರಿಯ ಕವಿ’ ಆಗಿ, ತಾನೇ ಆಯ್ಕೆ ಸಮಿತಿಗೆ ಬರುವ ವಯಸ್ಸಿನಲ್ಲಿರುತ್ತಾನೆ.

ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಒಳಗೆ ಏನಿದೆ ಎಂಬುದಕ್ಕೆ ದರವಿಲ್ಲ, ಎಷ್ಟು ಪುಟವಿದೆ ಎಂಬುದಕ್ಕಿದೆ. ತೂಕದಲ್ಲಿ ಕೊಳ್ಳುವ ಹಳೇ ಪೇಪರಿನವನಾದರೂ ತಕ್ಕಡಿ ಹಿಡಿಯುತ್ತಾನೆ, ಇಲ್ಲಿ ಎಣಿಸಿದರೆ ಸಾಕು. ಈ ಒಂದು ನಿಯಮ ಕನ್ನಡ ಸಾಹಿತ್ಯದ ಶೈಲಿಯನ್ನು ತಿದ್ದಿದಷ್ಟು ಯಾವ ವಿಮರ್ಶಕನೂ ತಿದ್ದಲಿಲ್ಲ. ಹನಿಗವನ ಪುಟಕ್ಕೊಂದರಂತೆ ಕೂತಿತು, ಸುತ್ತ ಬಯಲು. ಕವಿಯ ಮೌನ ಎಂದು ನಾವು ತಲೆದೂಗಿದ್ದು ಪ್ರಕಾಶಕನ ಮಾರ್ಜಿನ್ನು. ಕಾದಂಬರಿಯ ಅಕ್ಷರಗಳು ವರ್ಷವರ್ಷ ದಪ್ಪಗಾದವು, ಓದುಗರ ಕಣ್ಣಿನ ಮೇಲಿನ ಕಾಳಜಿಯಿಂದ ಎಂದೇ ಇಟ್ಟುಕೊಳ್ಳೋಣ. ಮುನ್ನುಡಿ, ಹಿನ್ನುಡಿ, ಪ್ರಕಾಶಕರ ಮಾತು, ಲೇಖಕರ ಅರಿಕೆ, ಎರಡನೇ ಮುದ್ರಣಕ್ಕೆ ಎರಡು ಮಾತು, ಋಣಸ್ಮರಣೆ, ಲೇಖಕರ ಇತರ ಕೃತಿಗಳು, ಆ ಕೃತಿಗಳ ಬಗ್ಗೆ ಗಣ್ಯರ ಅಭಿಪ್ರಾಯ. ಇಷ್ಟೆಲ್ಲ ದಾಟಿ ಮೊದಲ ಅಧ್ಯಾಯ ಮುಟ್ಟುವ ಓದುಗನಿಗೆ ಹಸಿವಾಗಿರುತ್ತದೆ. ಆದರೆ ಒಂದೊಂದು ಪುಟಕ್ಕೂ ದರ ಇದೆಯಲ್ಲ.

ಕುಹಕ ಬದಿಗಿಟ್ಟು ಹೇಳುವುದಾದರೆ, ಆ 300 ಪ್ರತಿಯ ಆಸರೆ ಇಲ್ಲದಿದ್ದರೆ ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಅಚ್ಚಿನ ಮನೆಯನ್ನೇ ಕಾಣುತ್ತಿರಲಿಲ್ಲ. ಸಣ್ಣ ಊರಿನ ಸಣ್ಣ ಪ್ರಕಾಶಕ ಬದುಕಿರುವುದು ಅದರಿಂದಲೇ. ಕೊಂಡ ಪುಸ್ತಕವನ್ನು ಓದಿಸುವ ಕೆಲಸ ಯಾರದು ಎಂಬುದನ್ನು ಮಾತ್ರ ಟೆಂಡರಿನಲ್ಲಿ ಬರೆಯಲು ಮರೆತಿದ್ದಾರೆ.

ಆ 300ರಲ್ಲಿ ಒಂದು ಪ್ರತಿ ಬಂದು ಸೇರುವ ಜಾಗವನ್ನು ಹತ್ತಿರದಿಂದ ನೋಡಿ ಬರೋಣ. ಬಡಾವಣೆಯೊಂದರ ಶಾಖಾ ಗ್ರಂಥಾಲಯ, ಹೆಸರು ಬೇಡ. ಕೆಳಗೆ ವಾರ್ಡ್ ಕಚೇರಿ, ಪಕ್ಕದಲ್ಲಿ ನೀರಿನ ಟ್ಯಾಂಕು. ಗೋಡೆಗೆ ಸಾಲಾಗಿ ಜ್ಞಾನಪೀಠದವರ ಫೋಟೊ, ಅದರ ಕೆಳಗೆ ಗಾಜಿನ ಬಾಗಿಲಿನ ಬೀರುಗಳು, ಬೀರುಗಳ ಮುಂದೆ ಮುರಿದ ಕುರ್ಚಿಗಳ ರಾಶಿ. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಪತ್ರಿಕೆಗಳಿಗೆ ಸೀಲು ಒತ್ತುತ್ತಿದ್ದಳು.

“ಏನ್ ಸಾರ್?”

“ಗೊರೂರರ ಪುಸ್ತಕ ಯಾವುದಾದರೂ ಇದೆಯಾ ಅಮ್ಮ?”

“ಇದೆ ಸಾರ್. ಆ ಬೀರುನಲ್ಲಿ.”

“ತೆಗೆದುಕೊಡ್ತೀರಾ?”

“ಬೀಗ ಹಾಕಿದೆ. ಸ್ಟಾಕ್ ವೆರಿಫಿಕೇಶನ್ ಆಗೋವರೆಗೂ ತೆಗೆಯೋ ಹಾಗಿಲ್ಲ. ಒಂದು ಪುಸ್ತಕ ಕಡಿಮೆ ಬಂದ್ರೂ ನಮ್ ಸಂಬಳದಲ್ಲಿ ಹಿಡ್ಕೋತಾರೆ ಸಾರ್.”

“ವೆರಿಫಿಕೇಶನ್ ಯಾವಾಗ?”

“ಮೇಲಿನವರು ಬರಬೇಕು. ಗಾಜಿನಿಂದ ಕಾಣ್ತದೆ, ನೋಡ್ಕೊಳ್ಳಿ. ಅದಕ್ಕೇನೂ ಇಲ್ಲ.”

ಗಾಜಿಗೆ ಮೂಗು ಒತ್ತಿ ನೋಡಿದರೆ ಗೊರೂರು ರಾಮಸ್ವಾಮಯ್ಯಂಗಾರ್ಯರು ಕಾಣಿಸಿದರು. ಅವರ ಮೇಲೆ ಯಾರದೋ ಅಭಿನಂದನ ಗ್ರಂಥವೊಂದು ಅಂಗಾತ ಮಲಗಿತ್ತು. ಆ ಹೆಣ್ಣುಮಗಳನ್ನು ಆಡಿಕೊಳ್ಳುವ ಮನಸ್ಸಾಗುವುದಿಲ್ಲ. ಬಾಗಿಲು ತೆಗೆಯುವವಳು ಅವಳೇ, ಕಸ ಗುಡಿಸುವವಳು ಅವಳೇ, ಪತ್ರಿಕೆ ಜೋಡಿಸಿ ತಿಂಗಳ ಕೊನೆಗೆ ರದ್ದಿ ಕಟ್ಟುವವಳೂ ಅವಳೇ. ಗುತ್ತಿಗೆಯ ಸಂಬಳ, ಅದೂ ಬಂದರೆ ಬಂತು. ತೆರೆದ ಕಪಾಟಿನಿಂದ ಒಂದಿಷ್ಟು ಪುಸ್ತಕ ಕಳೆದುಹೋಗುತ್ತವೆ, ಓದುಗರಿಗೆ ಸಿಗುವ ಲಾಭದ ಮುಂದೆ ಅದೇನೂ ಅಲ್ಲ ಎನ್ನುವ ಧಾರಾಳ ರಂಗನಾಥನ್ ಅವರಿಗಿತ್ತು. ಆ ಧಾರಾಳವನ್ನು ಒಬ್ಬ ಗುತ್ತಿಗೆ ನೌಕರಳ ಸಂಬಳದಿಂದ ವಸೂಲು ಮಾಡುವ ಯೋಚನೆ ಅವರಿಗೆ ಬಂದಿರಲಾರದು. ನಷ್ಟದ ಹೊಣೆ ಅವಳ ತಲೆಗೆ ಕಟ್ಟಿದ ಮೇಲೆ ಬೀಗ ಹಾಕದೆ ಅವಳೇನು ಮಾಡಬೇಕು? ನೂರಾರು ಕೋಟಿ ಕೊಡದವರ ಸಂಬಳದಲ್ಲಿ ಯಾರೂ ಏನೂ ಹಿಡಿದುಕೊಳ್ಳುವುದಿಲ್ಲ.

ಬೀಗವಿಲ್ಲದೆ ಸಿಗುವುದು ದಿನಪತ್ರಿಕೆ. ಅಲ್ಲಿಯ ರಾಜ್ಯಭಾರ ನಿವೃತ್ತರದು. ಒಂದು ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿ ಮೊದಲು ಬಂದವರು ಹಂಚಿಕೊಳ್ಳುತ್ತಾರೆ. ಮುಖಪುಟ ಒಬ್ಬರ ಕೈಯಲ್ಲಿ, ಅದರ ಮುಂದುವರಿದ ಭಾಗ ಆಚೆ ಮೇಜಿನವರ ಮೊಣಕೈ ಕೆಳಗೆ. “ಅದಾದ ಮೇಲೆ ಇತ್ಲಾಗೆ ಕೊಡಿ ಸ್ವಾಮಿ” ಎಂದರೆ “ಅದು ಆಗಲ್ಲ ಬಿಡಿ, ಅವರು ಶ್ರದ್ಧಾಂಜಲಿ ಓದ್ತಿದಾರೆ” ಎಂದು ಮೂರನೆಯವರಿಂದ ಉತ್ತರ. ಪದಬಂಧವನ್ನು ಬಾಗಿಲು ತೆಗೆದ ಹತ್ತು ನಿಮಿಷದಲ್ಲೇ ಯಾರೋ ಬಾಲ್‌ಪೆನ್ನಿನಲ್ಲಿ ಅರ್ಧ ತುಂಬಿಸಿರುತ್ತಾರೆ, ಅದೂ ತಪ್ಪಾಗಿ. ಕೆಲಸ ಖಾಲಿ ಇದೆ ಎಂಬ ಜಾಹೀರಾತಿನ ಜಾಗದಲ್ಲಿ ಚೌಕಾಕಾರದ ಕಿಟಕಿ. ಹಿಂದಿನ ಪುಟದಲ್ಲಿ ಮಂತ್ರಿಗಳು ಆಡಿದ ಮಾತಿನ ನಡುಭಾಗ ಆ ಕಿಟಕಿಯಲ್ಲಿ ಹಾರಿಹೋಗಿದೆ. ಹಾರಿಹೋದದ್ದರಿಂದ ಅರ್ಥಕ್ಕೇನೂ ಬಾಧೆಯಾಗಿರುವುದಿಲ್ಲ.

ಆ ಜಾಹೀರಾತು ಕತ್ತರಿಸಿದವರು ಒಳಕೋಣೆಯಲ್ಲಿದ್ದಾರೆ. ಕೆಎಎಸ್, ಪಿಎಸ್ಐ, ಎಫ್‌ಡಿಎ, ಎಸ್‌ಡಿಎ ಎಂದು ಹಗಲುರಾತ್ರಿ ಓದುವ ಹುಡುಗ ಹುಡುಗಿಯರು. ಬೆಂಗಳೂರಿನ ಹಂಪಿನಗರದ ಗ್ರಂಥಾಲಯದಲ್ಲಿ ಒಂದು ಕುರ್ಚಿ ಹಿಡಿಯಬೇಕಾದರೆ ಬೆಳಗಾಗುತ್ತಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ರಾಯಚೂರು, ಕೊಪ್ಪಳ, ಚಾಮರಾಜನಗರ ಕಡೆಯಿಂದ ಬಂದು, ಸುತ್ತಲ ಪೀಜಿಗಳಲ್ಲಿ ಇದ್ದುಕೊಂಡು, ವರ್ಷಗಟ್ಟಲೆ ಅಲ್ಲಿ ಓದುತ್ತಾರೆ. ಇವರು ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ. ತಮ್ಮ ಪುಸ್ತಕ, ತಮ್ಮ ನೀರಿನ ಬಾಟಲಿ, ತಮ್ಮ ಕುಶನ್ನು ತರುತ್ತಾರೆ. ಅವರಿಗೆ ಬೇಕಾದದ್ದು ಕುರ್ಚಿ, ಫ್ಯಾನು, ಶೌಚಾಲಯ, ಮತ್ತು ‘ಇನ್ನೂ ಕೆಲಸ ಆಗಲಿಲ್ವಾ’ ಎಂದು ಕೇಳದ ನಾಲ್ಕು ಗೋಡೆ. ಕೆಪಿಎಸ್‌ಸಿ ಪರೀಕ್ಷೆ ಮುಂದೂಡಿದಷ್ಟೂ ಗ್ರಂಥಾಲಯದ ಹಾಜರಾತಿ ಏರುತ್ತದೆ. ಹೀಗೆ ಒಂದು ಇಲಾಖೆಯ ವೈಫಲ್ಯ ಇನ್ನೊಂದು ಇಲಾಖೆಯ ಸಾಧನೆಯಾಗಿ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಪಾಸಾಗಿ ಅಧಿಕಾರಿಗಳಾದವರಲ್ಲಿ ಕೆಲವರು ಮುಂದೆ ಇದೇ ಉಪಕರ ವಸೂಲು ಮಾಡುವ ಕುರ್ಚಿಗೂ ಬಂದಾರು. ಫ್ಯಾನು ತಿರುಗದ ಆ ಬೇಸಿಗೆಯನ್ನು ಅವರು ಅಲ್ಲಿ ಕೂತಾಗ ನೆನೆಸಿಕೊಂಡರೆ ಸಾಕು.

ಎಲ್ಲಕ್ಕೂ ಪರಿಹಾರವೆಂಬಂತೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಬಂತು. ಬೀರು ಇಲ್ಲ, ಬೀಗ ಇಲ್ಲ, ಗೆದ್ದಲಿಲ್ಲ. ಸದಸ್ಯರ ಸಂಖ್ಯೆಯನ್ನು ಕೋಟಿಯ ಲೆಕ್ಕದಲ್ಲಿ ಹೇಳುತ್ತಾರೆ. ಅಷ್ಟು ಕೋಟಿ ಓದುಗರಿರುವ ನಾಡಿನಲ್ಲಿ ಕಾದಂಬರಿಯೊಂದರ ಸಾವಿರ ಪ್ರತಿ ಖರ್ಚಾಗಲು ವರ್ಷಗಳು ಹಿಡಿಯುತ್ತವೆ. ಸದಸ್ಯನಾಗುವುದಕ್ಕೆ ಫೋನ್ ನಂಬರು ಸಾಕು, ಓದುವುದಕ್ಕೆ ಮಾತ್ರ ಓದಬೇಕು ಎಂಬ ಹಳೆಯ ತೊಡಕು ಡಿಜಿಟಲ್ಲಿನಲ್ಲೂ ಹಾಗೇ ಉಳಿದುಕೊಂಡಿದೆ.

ಹಳ್ಳಿಗಳ ಕಡೆ ಇಷ್ಟು ನಿರಾಶೆಯಾಗುವುದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಆಮೇಲೆ ‘ಅರಿವು ಕೇಂದ್ರ’ ಎಂದು ಹೆಸರೂ ಬದಲಾಯಿತು. ಇಲಾಖೆ ಬದಲಾದರೆ ಬೋರ್ಡು ಬರೆಯುವವನಿಗೆ ಲಾಭ ಎಂದುಕೊಂಡಿದ್ದವರ ಬಾಯಿ ಮುಚ್ಚಿಸುವಂತೆ, ಕೊರೊನಾ ಕಾಲದಲ್ಲಿ ‘ಓದುವ ಬೆಳಕು’ ಎಂದು ಶಾಲಾಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಸ್ಕೂಲು ಬಿಟ್ಟ ಮೇಲೆ ಚೀಲ ಮೂಲೆಗಿಟ್ಟು ಚಿತ್ರದ ಪುಸ್ತಕ ಎಳೆದುಕೊಳ್ಳುವ ಮಕ್ಕಳು ಈಗ ಅಲ್ಲಿ ಸಿಗುತ್ತಾರೆ. ಅಂಥ ಕಡೆ ಬೀರುವಿನ ಬಾಗಿಲು ತೆರೆದೇ ಇರುತ್ತದೆ, ಪುಸ್ತಕಗಳು ಹರಿದಿರುತ್ತವೆ. ಹರಿದ ಪುಸ್ತಕ ಕಂಡರೆ ತಪಾಸಣೆಗೆ ಬಂದವರು ಹುಬ್ಬು ಗಂಟಿಕ್ಕುತ್ತಾರೆ. ಗ್ರಂಥಾಲಯಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೆ?

ಆದ್ದರಿಂದ ಮಹಾಪೋಷಕರಲ್ಲಿ ಒಂದು ವಿನಂತಿ. ನಿಮ್ಮ ವಾರ್ಡಿನ ಗ್ರಂಥಾಲಯ ಎಲ್ಲಿದೆಯೆಂದು ವಿಚಾರಿಸಿ. ಗೊತ್ತಿಲ್ಲದಿದ್ದರೆ ಬೀದಿಯ ಹಿರಿಯರೊಬ್ಬರನ್ನು ಕೇಳಿ, ಪತ್ರಿಕೆ ಓದಲು ದಿನಾ ಹೋಗುವವರು ಒಬ್ಬರಾದರೂ ಸಿಗುತ್ತಾರೆ. ವಿಳಾಸದ ಪುರಾವೆ, ಸಣ್ಣದೊಂದು ಠೇವಣಿ ಕೊಟ್ಟು ಸದಸ್ಯರಾಗಿ, ಒಂದು ಪುಸ್ತಕ ಮನೆಗೆ ಕೇಳಿ. ಬೀಗದ ಕೈ ಇಲ್ಲವೆಂದರೆ ಮುಂದಿನ ವಾರ ಮತ್ತೆ ಕೇಳಿ. ಹತ್ತು ಜನ ಬಂದು ಅದೇ ಪುಸ್ತಕ ಕೇಳಿದರೆ ಬೀಗದ ಕೈ ಸಿಗುತ್ತದೆ, ಸರ್ಕಾರಿ ಕಚೇರಿಗಳಲ್ಲಿ ಅದು ಸಿಗುವ ಕ್ರಮವೇ ಹಾಗೆ. ಸೋಮವಾರ ಮಾತ್ರ ಹೋಗಬೇಡಿ, ಅಂದು ರಜೆ. ತಿಂಗಳ ಎರಡನೇ ಮಂಗಳವಾರವೂ ರಜೆ.